ಮಡಿಕೆ ಹೊರಡುವ ಜಾಗ

ಜುಲೈ 5, 2025, ಶನಿವಾರ

ಫಿರಂಗಿ ಗೋಪುರಕ್ಕೆ ಸೇರುವ ಕಡೆ ಸೆಂಚೂರಿಯನ್ ಟ್ಯಾಂಕಿಗೆ ಕ್ಯಾನ್ವಾಸ್ ಗವಸು ಇರುತ್ತದೆ. ಕಿಟ್ಟಿನಲ್ಲಿ ಅದೂ ಪ್ಲಾಸ್ಟಿಕ್ಕೇ, ಇಸ್ತ್ರಿ ಹಾಕಿದ ಹಾಗಿದೆ. ನಾನು ಕಟ್ಟುತ್ತಿರುವ 1:35 ಅಳತೆಯ ಮಾದರಿ ಭಾರತೀಯ ಸೇನೆಯ 3ನೇ ಕ್ಯಾವಲ್ರಿಯ ಟ್ಯಾಂಕಿನದು. 1965ರ ಸೆಪ್ಟೆಂಬರಿನಲ್ಲಿ ಅಸಲ್ ಉತ್ತರ್ ಕದನದಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳಿಗೆ ಎದುರು ನಿಂತದ್ದು. ಅದರ ಬಟ್ಟೆ ಇಷ್ಟು ನೀಟಾಗಿರಲು ಸಾಧ್ಯವೇ ಇಲ್ಲ. ಪ್ಲಾಸ್ಟಿಕ್ ಗವಸನ್ನು ಕೆತ್ತಿ ತೆಗೆದೆ. ಇನ್ನು ಎಪಾಕ್ಸಿ ಪುಟ್ಟಿಯಲ್ಲಿ ಮಾಡಬೇಕು.

ಜುಲೈ 8, ಮಂಗಳವಾರ

ಶನಿವಾರ ರಾತ್ರಿ ಮಾಡಿದ ಗವಸು ಇವತ್ತೂ ಮೆತ್ತಗಿದೆ, ಉಗುರು ಊರಿದರೆ ಗುರುತು ಬೀಳುತ್ತದೆ. ತಪ್ಪು ನನ್ನದೇ. ಎರಡು ಭಾಗವನ್ನೂ ಕಣ್ಣಂದಾಜಿನಲ್ಲಿ ಕಿತ್ತಿದ್ದೆ, ಹಾರ್ಡ್ನರ್ ಕಡಿಮೆ ಬಿದ್ದಿದೆ. ಪುಟ್ಟಿ ಗಾಳಿಗೆ ಒಣಗುವ ವಸ್ತುವಲ್ಲ. ರೆಸಿನ್, ಹಾರ್ಡ್ನರ್ ಎರಡೂ ಕೂಡಿಯೇ ಗಟ್ಟಿಯಾಗಬೇಕು. ಕಾದು ಕೂತರೆ ಪ್ರಯೋಜನವಿಲ್ಲ. ಎಲ್ಲವನ್ನೂ ಕೆರೆದೆ. ಮುಂದಿನ ಸಲ ಎರಡನ್ನೂ ಒಂದೇ ದಪ್ಪದ ಬತ್ತಿಗಳಾಗಿ ಹೊಸೆದು, ಪಕ್ಕಪಕ್ಕ ಇಟ್ಟು, ಸ್ಕೇಲ್ ಹಿಡಿದು ಕತ್ತರಿಸುತ್ತೇನೆ. ಗ್ಲೌಸ್ ಬಿಡಬಾರದು, ಹಸಿ ಪುಟ್ಟಿ ಚರ್ಮಕ್ಕೆ ಒಳ್ಳೆಯದಲ್ಲ.

ಜುಲೈ 12, ಶನಿವಾರ

ಬಂಡಿಪಾಳ್ಯದ ಎಪಿಎಂಸಿ ಹತ್ತಿರ ಮಳೆಗೆ ನಿಂತಿದ್ದೆ. ಎದುರಿಗೆ ಟಾರ್ಪಾಲು ಬಿಗಿದ ಲಾರಿ. ಬಹಳ ಹೊತ್ತು ನೋಡಿದೆನೇನೋ, ಡ್ರೈವರ್ ಬಂದು, "ಏನ್ ಸಾರ್, ಲೋಡ್ ಏನಾದ್ರೂ ಇತ್ತಾ?" ಎಂದ. ಬಟ್ಟೆ ನೋಡುತ್ತಿದ್ದೇನೆ ಎಂದೆ. ಪಾಪ, ಅವನೂ ತಿರುಗಿ ಒಂದು ಸಲ ನೋಡಿದ.

ಹಗ್ಗ ಕಟ್ಟಿದ ಒಂದೊಂದು ಕೊಕ್ಕೆಯಿಂದಲೂ ಮಡಿಕೆಗಳು ಬೀಸಣಿಗೆಯಂತೆ ಹರಡಿ, ಗೇಣು ದೂರದಲ್ಲಿ ಮಾಯವಾಗಿದ್ದವು. ಎರಡು ಕೊಕ್ಕೆಗಳ ನಡುವೆ ಬಟ್ಟೆ ಜೋತು ನೀರು ನಿಂತಿತ್ತು. ಆ ಮೊದಲ ಗವಸಿನಲ್ಲಿ ನಾನು ಮಾಡಿದ್ದೇನು? ಹಲ್ಲುಕಡ್ಡಿಯಲ್ಲಿ ಸಾಲಾಗಿ ಗೀರು ಎಳೆದಿದ್ದೆ, ಉತ್ತ ಹೊಲದ ಹಾಗೆ.

ಜುಲೈ 13, ಭಾನುವಾರ

ಮೊದಲು ಫಿರಂಗಿಯನ್ನೇ ಅಂಟಿಸಿಬಿಟ್ಟೆ, ಮೂತಿ ತುಸು ಕೆಳಗೆ. ಮೂತಿ ತಗ್ಗಿದರೆ ಗವಸಿನ ಮೇಲ್ಭಾಗ ಬಿಗಿಯಬೇಕು, ಕೆಳಗೆ ಬಟ್ಟೆ ಸಡಿಲವಾಗಿ ಮುದುರಬೇಕು. ಇದು ನಿರ್ಧಾರವಾಗದೆ ಒಂದು ಮಡಿಕೆಯನ್ನೂ ಹಾಕಲಾಗದು.

ಪುಟ್ಟಿಯಲ್ಲಿ ಎರಡು ಬಣ್ಣದ ಗೆರೆ ಒಂದೂ ಕಾಣದಷ್ಟು ನಾದಿದೆ. ಪೌಡರ್ ಉದುರಿಸಿ ಲಟ್ಟಿಸಿದೆ. ಅರ್ಧ ಮಿಲಿಮೀಟರ್ ಹಾಳೆ ಬಂತು. 35ರಿಂದ ಗುಣಿಸಿದರೆ ಹದಿನೇಳೂವರೆ ಮಿಲಿಮೀಟರ್, ಅಂದರೆ ಹಲಗೆ! ಇಡೀ ಹಾಳೆಯನ್ನು ತೆಳು ಮಾಡಲು ಹೋದರೆ ಹರಿಯುತ್ತದೆ. ಕಣ್ಣಿಗೆ ಬೀಳುವುದು ಅಂಚು ಮಾತ್ರ, ಅದನ್ನಷ್ಟೇ ಒದ್ದೆ ಬ್ಲೇಡಿನ ಬೆನ್ನಿನಿಂದ ಒತ್ತಿ ತೆಳುವಾಗಿಸಿದೆ.

ಕೂಡಲೇ ಒತ್ತಿದ ಮಡಿಕೆ ನಿಲ್ಲುವುದಿಲ್ಲ, ಮೆಲ್ಲಗೆ ಹಿಂದಕ್ಕೆ ಉಬ್ಬುತ್ತದೆ. ಮುಕ್ಕಾಲು ಗಂಟೆ ಬಿಟ್ಟೆ. ಬೆರಳಿಗೆ ಅಂಟುವುದು ನಿಂತ ಮೇಲೆ ಕಸೂತಿ ಸೂಜಿಯ ಬೆನ್ನನ್ನು ನೀರಿಗೆ ಅದ್ದಿ, ಚೌಕಟ್ಟಿಗೆ ಬಟ್ಟೆ ಬಿಗಿದ ಜಾಗದಿಂದ ಹೊರಕ್ಕೆ ಎಳೆದೆ. ಶುರುವಿನಲ್ಲಿ ಆಳ, ಹೋಗುತ್ತಾ ಹಗುರ. ಮೂರನೆಯದಕ್ಕೆ ಕೈ ಕುದುರಿತು. ಕೆಳಗಿನ ಜೋಲನ್ನು ಕಿರುಬೆರಳಿನಿಂದ ಮೇಲಕ್ಕೊಮ್ಮೆ ಒತ್ತಿ ಬಿಟ್ಟೆ, ತಾನಾಗಿ ಮುದುರಿತು. ಎಷ್ಟು ಖುಷಿಯಾಯಿತೆಂದರೆ ದೀಪ ಆರಿಸಿದವನು ಮತ್ತೆ ಎದ್ದುಬಂದು ನೋಡಿದೆ.

ಜುಲೈ 14, ಸೋಮವಾರ

ಬೆಳಿಗ್ಗೆ ಉಗುರಿನಿಂದ ತಟ್ಟಿದರೆ ಟಿಕ್ ಎಂದಿತು, ಕಲ್ಲಿನ ಹಾಗೆ ಗಟ್ಟಿ. ಎಡಗಡೆಯ ಒಂದು ಮಡಿಕೆ ಮಾತ್ರ ಬಿಗಿದ ಜಾಗವೇ ಇಲ್ಲದ ಕಡೆಯಿಂದ ಹೊರಟಿದೆ. ಸಂಜೆ ಮಾಸ್ಕ್ ಹಾಕಿಕೊಂಡು ಉಜ್ಜಿ ತೆಗೆಯಬೇಕು.