ಕೆಡದ ಬೀಗ

ಕೆಟ್ಟದ್ದನ್ನು ಬದಲಿಸೋಣ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಕೆಡದೆ ಇರುವುದನ್ನು ಬದಲಿಸೋಣ ಎಂದು ಹೇಳಿ ನೋಡಿ. ಆಡಳಿತ ಮಂಡಳಿಯವರಿಂದ ಹಿಡಿದು ಜವಾನನವರೆಗೆ ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಾರೆ. 2023ರ ಡಿಸೆಂಬರಿನಲ್ಲಿ ನಮ್ಮ ಶಾಲೆಯಲ್ಲಿ ನಡೆದದ್ದೂ ಅದೇ.

ಕಂಪ್ಯೂಟರ್ ಕೋಣೆಯ ಗೋಡೆಯಲ್ಲಿ ಟಿಫನ್ ಡಬ್ಬಿಯಷ್ಟು ದೊಡ್ಡ ರೌಟರ್ ಒಂದಿದೆ. ಅದರೊಳಗೆ ಓಪನ್‌ವರ್ಟ್ ಎಂಬ ಪುಟ್ಟ ಲಿನಕ್ಸ್. ನಮ್ಮ ಮಂಡಳಿಯ ಎರಡು ಶಾಲೆಗಳ ನಡುವೆ ಮಕ್ಕಳ ಹೆಸರು, ಅಂಕ, ತಂದೆತಾಯಿಯರ ಫೋನ್ ನಂಬರು ಆ ಡಬ್ಬಿಯ ಮೂಲಕವೇ ಗುಟ್ಟಾಗಿ ಓಡಾಡುತ್ತವೆ. ಗುಟ್ಟು ಕಾಯುವ ಲೆಕ್ಕಗಳ ಕಟ್ಟಿಗೆ ಓಪನ್‌ಎಸ್‌ಎಸ್‌ಎಲ್ ಎಂದು ಹೆಸರು. ಅವರ ಭಾಷೆಯಲ್ಲಿ ಅದು ‘ಲೈಬ್ರರಿ’, ಪುಸ್ತಕವಿಲ್ಲದ ಲೈಬ್ರರಿ!

ರಜೆಗೆ ಬಂದ ನಮ್ಮಣ್ಣನ ಮಗ, "ಅತ್ತೆ, ಇದರಲ್ಲಿರೋದು 1.1.1. ಸೆಪ್ಟೆಂಬರ್ 11ಕ್ಕೇ ಅದರ ಸಾರ್ವಜನಿಕ ಬೆಂಬಲ ಮುಗೀತು. 3.0 ಹಾಕಬೇಕು" ಎಂದ.

"ಚೆನ್ನಾಗೇ ಓಡ್ತಿದೆಯಲ್ಲೋ?"

"ಕಬ್ಬಿಣದ ಬೀಗಕ್ಕೆ ತುಕ್ಕು ಹಿಡಿದರೆ ಕಾಣುತ್ತೆ. ಇದಕ್ಕೆ ಕಾಣಲ್ಲ. ತೆಗೆಯೋ ಉಪಾಯ ಯಾರಿಗೋ ಹೊಳೆದ ದಿನ, ನೇತಾಡ್ತಿದ್ದ ಹಾಗೇ ಸಡಿಲ."

ಅದೊಂದನ್ನೇ ಕಿತ್ತು ಬೇರೆಯದನ್ನು ಇಡುವಂತಿಲ್ಲವಂತೆ. ಬೀದಿಗೆಲ್ಲ ಒಂದೇ ಬಾವಿ. ರಾಟೆ ಬದಲಿಸಿದರೆ ಎಲ್ಲರ ಹಗ್ಗವೂ ಅದಕ್ಕೆ ಹೊಂದಬೇಕು. ಹಳೆಯದಕ್ಕೆ ಹೊಂದಿಸಿ ಕಟ್ಟಿದ ಪ್ರೋಗ್ರಾಮುಗಳನ್ನೆಲ್ಲ ಹೊಸದಕ್ಕೆ ಮತ್ತೆ ಕಟ್ಟಬೇಕು. ಆ ಕೆಲಸ ಮುಗಿಸಿದ ಓಪನ್‌ವರ್ಟ್ 23.05 ಅಕ್ಟೋಬರಿನಲ್ಲಿ ಬಂದಿತ್ತು. ಇಡೀ ಡಬ್ಬಿಗೆ ಅದನ್ನು ಬರೆಯಬೇಕು. ಬರೆಯುವಾಗ ಕರೆಂಟು ಹೋದರೆ ಡಬ್ಬಿ ಇಟ್ಟಿಗೆಯಾದೀತು. ನಮ್ಮೂರ ಕರೆಂಟನ್ನು ನಂಬುವುದುಂಟೆ? ಯುಪಿಎಸ್‌ಗೆ ಸಿಕ್ಕಿಸಿ ಭಾನುವಾರ ಕೂತೆವು.

ಬರೆದದ್ದು ಸರಿಯಾಗಿಯೇ ಆಯಿತು. ಆಮೇಲೆ ಸೇರಿಸಿಕೊಂಡಿದ್ದ ಪ್ಯಾಕೇಜುಗಳು ಅಳಿಸಿಹೋಗಿದ್ದವು; ಅವನ್ನೂ ಹಾಕಿದ. ಆದರೆ ಇನ್ನೊಂದು ಶಾಲೆಯ ಸಂಪರ್ಕ ಮಾತ್ರ ಸಿಗಲೊಲ್ಲದು. ಬಹಳ ಹಿಂದೆ ಯಾರೋ ಮಾಡಿಕೊಟ್ಟಿದ್ದ ಸರ್ಟಿಫಿಕೇಟಿನ ಮೇಲೆ ಎಸ್‌ಎಚ್‌ಎ-1 ಎಂಬ ಹಳೆಯ ಮುದ್ರೆ. 2017ರಲ್ಲಿ ಗೂಗಲ್‌ನವರೂ ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಸ್ಥೆಯವರೂ ಸೇರಿ, ಎರಡು ಬೇರೆ ಬೇರೆ ಕಾಗದಗಳಿಗೆ ಆ ಮುದ್ರೆ ಒಂದೇ ಬರುವಂತೆ ಮಾಡಿ ತೋರಿಸಿದ್ದರು. 3.0 ಅದನ್ನು ಒಪ್ಪಲಿಲ್ಲ. ಒಪ್ಪಬಾರದು ಕೂಡ. ಎರಡು ಮಕ್ಕಳಿಗೆ ಒಂದೇ ನಂಬರಿನ ಟಿ.ಸಿ. ಇದ್ದರೆ ನಾನು ದಾಖಲು ಮಾಡಿಕೊಳ್ಳುತ್ತೇನೆಯೆ?

ಸೋಮವಾರ ವಿವರ ಕಳಿಸಲೇಬೇಕು. ಮುಖ್ಯೋಪಾಧ್ಯಾಯರು ಫೋನಿನಲ್ಲಿ, "ಟೀಚರ್, ಹೇಗಾದರೂ ಓಡಿಸಿಬಿಡಿ" ಎಂದರು. ಹುಡುಗ ನನ್ನ ಕಡೆ ತಿರುಗಿ, "ಹೊಸದರ ಕಟ್ಟುನಿಟ್ಟು ಒಂದು ಸಾಲು ಬರೆದು ಸಡಿಲ ಮಾಡಬಹುದು, ಐದು ನಿಮಿಷ. ಹೊಸ ಸರ್ಟಿಫಿಕೇಟಾದರೆ ಅಲ್ಲಿಗೂ ಹೋಗಿ ಹಾಕಬೇಕು, ಅರ್ಧ ದಿನ" ಎಂದ.

ಹೊಸ ಬೀಗ ತಂದು, ಹಳೆಯ ಕೀಲಿಗೆ ಬಗ್ಗಲೆಂದು ಅದನ್ನು ಅರ ಹಾಕಿ ಉಜ್ಜುವುದೆ? ಆ ಫೋನ್ ನಂಬರುಗಳು ನಮ್ಮವಲ್ಲ; ನಂಬಿ ಕೊಟ್ಟವರದು. "ಸ್ಕೂಟರ್ ತೆಗಿಯೋ" ಎಂದೆ. ಹನ್ನೆರಡು ಕಿಲೋಮೀಟರು ಹೋಗಿ, ಹಾಕಿ, ಬರುವಾಗ ದೀಪ ಹಚ್ಚುವ ಹೊತ್ತು.

ಸೋಮವಾರ ಮುಖ್ಯೋಪಾಧ್ಯಾಯರು ಕಂಪ್ಯೂಟರಿನ ಮುಂದೆ ಕೂತು, "ಏನು ಬದಲಾಯಿತು ಟೀಚರ್? ಮೊದಲಿನ ಹಾಗೇ ಇದೆಯಲ್ಲ!" ಎಂದರು.

"ಹೌದು ಸಾರ್, ಮೊದಲಿನ ಹಾಗೇ ಇರಲಿ ಅಂತಲೇ ಇಷ್ಟೆಲ್ಲ" ಎಂದು ಹಾಜರಿ ಪುಸ್ತಕ ಹಿಡಿದು ತರಗತಿಗೆ ನಡೆದೆ.