ಜೇನಿನ ಪರೀಕ್ಷೆ

ಕೋಗಳಿಯ ಆ ನಿವೃತ್ತ ಮೇಷ್ಟರಿಗೆ ಪರೀಕ್ಷೆಯೆಂದರೆ ಪಂಚಪ್ರಾಣ. ಮೂವತ್ತು ವರ್ಷಗಳಿಗೂ ಮಿಕ್ಕು ಸುತ್ತಣ ಊರುಗಳ ಮಕ್ಕಳನ್ನು ಪರೀಕ್ಷಿಸಿದ ಅವರಿಗೆ, ಮಕ್ಕಳು ದೊರೆಯದಂತಾದ ಮೇಲೆ, ಮನೆಗೆ ಬರುವ ಪದಾರ್ಥಗಳೇ ವಿದ್ಯಾರ್ಥಿಗಳಾಗಿವೆ. ಹಾಲಿನ ತೊಟ್ಟನ್ನು ಉಗುರಿನ ಮೇಲೆ ಬಿಟ್ಟು ಅದು ನಿಲ್ಲುವುದೋ ಜಾರುವುದೋ ನೋಡುತ್ತಾರೆ. ತೊಗರಿಬೇಳೆಯನ್ನು ಅಂಗೈಯಲ್ಲಿ ತಿಕ್ಕಿ, ಬಣ್ಣ ಬಿಟ್ಟೀತೇ ಎಂದು ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಆದರೆ ಇವೆಲ್ಲ ಕಿರುಪರೀಕ್ಷೆಗಳು. ಪಬ್ಲಿಕ್ ಪರೀಕ್ಷೆಯ ಗಾಂಭೀರ್ಯವೆಲ್ಲ ಮೀಸಲಾಗಿದ್ದುದು ಜೇನುತುಪ್ಪಕ್ಕೆ.

ಜೇನಿಗೆ ನಾಲ್ಕು ಪತ್ರಿಕೆಗಳು. ಲೋಟದ ನೀರಿಗೆ ಒಂದು ಹನಿ ಬಿಟ್ಟರೆ ಅದು ಕರಗದೆ ತಳ ಸೇರಬೇಕು, ಇದು ಮೊದಲನೆಯದು. ಹತ್ತಿಯ ಬತ್ತಿಯನ್ನು ಅದರಲ್ಲದ್ದಿ ಕಡ್ಡಿ ಗೀರಿದರೆ ಬತ್ತಿ ಹತ್ತಿಕೊಳ್ಳಬೇಕು, ಇದು ಎರಡನೆಯದು. ಮಸಿಹೀರುವ ಕಾಗದದ ಮೇಲಿಟ್ಟರೆ ಹಿಂಬದಿಗೆ ಒದ್ದೆ ಇಳಿಯಬಾರದು; ಇದು ಮೂರನೆಯದು. ತಟ್ಟೆಯಂಚಿಗೆ ಸವರಿಟ್ಟರೆ ಇರುವೆ ಮುತ್ತಬಾರದು, ಇದು ಕೊನೆಯದು. ಯಾವುದೊಂದರಲ್ಲಿ ಅನುತ್ತೀರ್ಣವಾದರೂ ಜೇನು ನಪಾಸು. ಗ್ರೇಸ್ ಮಾರ್ಕು ಕೊಡುವ ಪದ್ಧತಿ ಅವರ ವೃತ್ತಿಜೀವನದಲ್ಲಿಯೇ ಇರಲಿಲ್ಲ.

ಈ ಬಯಲುಸೀಮೆಯಲ್ಲಿ ಜೇನೆಲ್ಲಿಯದು ಎಂದು ವಾಚಕರು ಕೇಳಬಹುದು. ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರಾದ ನಾಡು ಇದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿದೆ. ಮಲೆನಾಡಿನ ಮಳೆ ಇಲ್ಲಿಲ್ಲ, ನಿಜ. ಆದರೆ ಬೇವು, ಹೊಂಗೆ, ಹುಣಸೆ, ಜಾಲಿ ಇವುಗಳಿಗೆ ಕೊರತೆಯಿಲ್ಲ. ಬೇಸಗೆಯಲ್ಲಿ ಮನುಷ್ಯರು ನೆರಳು ಹುಡುಕುವ ಕಾಲಕ್ಕೆ ಈ ಮರಗಳು ಹೂ ತಳೆದು ನಿಲ್ಲುತ್ತವೆ. ಹೆಜ್ಜೇನು ಬಂಡೆಯ ಮಗ್ಗುಲಲ್ಲಿ, ಎತ್ತರದ ಕೊಂಬೆಯಲ್ಲಿ ತೂಗುತ್ತದೆ; ಕೋಲುಜೇನು ಬೇಲಿಯ ಪೊದೆಯಲ್ಲಿ ಕಟ್ಟುತ್ತದೆ; ತುಡುವೆ ಪೊಟರೆಯೊಳಗೆ ಸಂಸಾರ ಹೂಡುತ್ತದೆ. ಹಡಗಲಿಯ ಮಲ್ಲಿಗೆಯ ಕೀರ್ತಿಯನ್ನು ಕೇಳಿದ ಪಟ್ಟಣಿಗರು ಮಲ್ಲಿಗೆಯ ಜೇನನ್ನು ಬಯಸುವುದುಂಟು. ಪಾಪ, ಮೊಗ್ಗನ್ನು ಅರಳುವ ಮುನ್ನವೇ ಬಿಡಿಸಿ ಮಾರುಕಟ್ಟೆಗೆ ಸಾಗಿಸಿದ ಮೇಲೆ ಜೇನುನೊಣಕ್ಕೆ ಉಳಿಯುವುದು ಬರಿಯ ಎಲೆ!

ಇಂಥ ಮನೆಗೆ ಕಳೆದ ವರ್ಷ ಸಮುದ್ರದಾಚೆಯ ಅಭ್ಯರ್ಥಿಯೊಂದು ಬಂದಿತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಮಗ, ರಜೆಯಲ್ಲಿ ಬಂದಾಗ ತಂದೆಯ ಕೆಮ್ಮಿಗೆಂದು ಮನುಕಾ ಜೇನಿನ ಸೀಸೆಯೊಂದನ್ನು ತಂದನು. ಅಂಗೈಯಲ್ಲಿ ಹಿಡಿಸುವಷ್ಟು ಸೀಸೆ. ಬೆಲೆ ಮಾತ್ರ ಮನೆಯ ಒಂದು ತಿಂಗಳ ಹಾಲಿನ ಲೆಕ್ಕದಷ್ಟು. ಮಗ ಹಿಂದಿರುಗುವಾಗ ತಾಯಿ ಊರ ಜೇನನ್ನು ಕಟ್ಟಿಕೊಡಲು ಹೊರಟರು. ಆ ದೇಶದವರು ತಮ್ಮ ನೊಣಗಳಿಗೆ ರೋಗ ತಗಲೀತೆಂದು ಪ್ರಯಾಣಿಕರು ತರುವ ಹೊರಗಿನ ಜೇನನ್ನು ಒಳಗೆ ಬಿಡುವುದಿಲ್ಲವೆಂದು ಆತ ಹೇಳಬೇಕಾಯಿತು. ಅಲ್ಲಿಯ ಜೇನು ಇಲ್ಲಿಗೆ ಬರಬಹುದು, ಇಲ್ಲಿಯದು ಅಲ್ಲಿಗೆ ಹೋಗಲಾರದು ಎಂಬ ನ್ಯಾಯ ಆ ತಾಯಿಗೆ ಇಂದಿಗೂ ಅರ್ಥವಾಗಿಲ್ಲ.

ಮಗ ಹೊರಟುಹೋದ ಮೇಲೆ ಮೇಷ್ಟರು ಸೀಸೆಯ ಮುಚ್ಚಳ ತೆಗೆದು ನೋಡುತ್ತಾರೆ. ಒಳಗಿರುವುದು ಹರಿಯುವ ಜೇನಲ್ಲ, ಕಂದುಬಣ್ಣದ ಗಟ್ಟಿ ಮುದ್ದೆ! ನಾಲಗೆಗಿಟ್ಟರೆ ಸಿಹಿಯ ಹಿಂದೆ ಒಂದಿಷ್ಟು ಕಹಿ. ಅವರ ಹುಬ್ಬು ಗಂಟಾಯಿತು. “ಸಕ್ಕರೆ!” ಎಂದು ತೀರ್ಪಿತ್ತು, ನೀರಿನ ಲೋಟ ತರಿಸಿದರು.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಮೊಮ್ಮಗಳು ಆಗ ಮನೆಯಲ್ಲಿದ್ದಳು. ಅಜ್ಜನೊಡನೆ ವಾದಿಸಿ ಗೆದ್ದವರಿಲ್ಲವೆಂಬುದನ್ನು ಅರಿತಿದ್ದ ಆಕೆ ಬಾಯಿಂದ ಏನನ್ನೂ ಹೇಳದೆ ಅಡುಗೆಮನೆಗೆ ಹೋಗಿ, ಸಕ್ಕರೆಯ ಗಟ್ಟಿ ಪಾಕವನ್ನು ಕಾಸಿ, ಆರಿಸಿ ತಂದಳು. ಅದರ ಹನಿ ಅಜ್ಜನ ಲೋಟದಲ್ಲಿ ಕಿಂಚಿತ್ತೂ ಚದುರದೆ ನೇರವಾಗಿ ತಳಕ್ಕಿಳಿದು ಕುಳಿತಿತು. ಸಕ್ಕರೆ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಿತು.

ಮೇಷ್ಟರು ಲೋಟವನ್ನು ಬಹಳ ಹೊತ್ತು ನೋಡಿದರು. ಅನಂತರ, ತಮ್ಮ ಜೀವನದಲ್ಲಿ ಅಪರೂಪಕ್ಕೆಂಬಂತೆ, “ಹಾಗಾದರೆ ತಿಳಿಯುವುದು ಹೇಗೆ?” ಎಂದು ಕೇಳಿದರು.

ಮೊಮ್ಮಗಳು ಹೇಳಿದ ವಿಷಯ ಪಟ್ಟಣದ ಗೃಹಿಣಿಯರೂ ಕೇಳಬೇಕಾದುದು. ನೀರಿನ ಹನಿ, ಬತ್ತಿ, ಕಾಗದ ಇವು ಅಳೆಯುವುದು ಮಂದವನ್ನೇ ಹೊರತು ಶುದ್ಧಿಯನ್ನಲ್ಲ. ನಮ್ಮ ಆಹಾರ ನಿಯಮದ ಮೇರೆಗೆ ಜೇನಿನಲ್ಲಿ ನೀರಿನಂಶ ನೂರಕ್ಕೆ 20ನ್ನು ಮೀರಬಾರದು. ಆದರೆ ಬಂಡೆಯಿಂದ ಇಳಿಸಿದ ಅಪ್ಪಟ ಹೆಜ್ಜೇನಿನ ತುಪ್ಪ ಎಷ್ಟೋ ವೇಳೆ ಅದಕ್ಕಿಂತ ತೆಳುವಾಗಿದ್ದು ಮನೆಯ ಪರೀಕ್ಷೆಯಲ್ಲಿ ಸೋಲುತ್ತದೆ; ಕಾಸಿದ ಪಾಕ ಗೆಲ್ಲುತ್ತದೆ. ಪ್ರಯೋಗಶಾಲೆಗಳೂ ಮೋಸಹೋಗುವುದುಂಟು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2020ರ ಡಿಸೆಂಬರಿನಲ್ಲಿ, ತಾನು ಪರೀಕ್ಷೆ ಮಾಡಿಸಿದ ಜೇನುಗಳಲ್ಲಿ ನೂರಕ್ಕೆ 77ರಲ್ಲಿ ಸಕ್ಕರೆಪಾಕದ ಬೆರಕೆಯಿತ್ತೆಂದು ಪ್ರಕಟಿಸಿತು. ಸಾಮಾನ್ಯ ಪರೀಕ್ಷೆಗಳಿಗೆ ಸಿಕ್ಕದಂತೆಯೇ ತಯಾರಿಸಿದ ಪಾಕಗಳಿವೆಯೆಂಬುದು ಅದರ ವಾದ. ದೊಡ್ಡ ಕಂಪನಿಗಳು ಈ ಆರೋಪವನ್ನು ಅಲ್ಲಗಳೆದುವು.

ಇನ್ನು ಮನುಕಾದ ಮಾತು. ಅದು ನ್ಯೂಜಿಲೆಂಡಿನಲ್ಲಿಯೂ ಆಸ್ಟ್ರೇಲಿಯದ ಆಗ್ನೇಯ ಭಾಗದಲ್ಲಿಯೂ ಬೆಳೆಯುವ ಒಂದು ಪೊದೆಗಿಡ. ಅದರ ಮಕರಂದದಲ್ಲಿರುವ ಒಂದು ವಸ್ತು ಜೇನಿನಲ್ಲಿ ಕ್ರಮೇಣ ಮೀಥೈಲ್‌ಗ್ಲೈಆಕ್ಸಾಲ್ ಆಗಿ ಮಾರ್ಪಡುತ್ತದೆ. ಸೂಕ್ಷ್ಮಾಣುಗಳನ್ನು ತಡೆಯುವ ಮನುಕಾದ ವಿಶೇಷ ಗುಣಕ್ಕೆ ಇದೇ ಕಾರಣವೆಂದು ಜರ್ಮನಿಯ ಡ್ರೆಸ್ಡೆನ್ ನಗರದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಸೀಸೆಯ ಮೇಲೆ ಎಂಜಿಓ 400 ಎಂದಿದ್ದರೆ ಕಿಲೋವೊಂದರಲ್ಲಿ ಆ ವಸ್ತು 400 ಮಿಲಿಗ್ರಾಂ ಇದೆಯೆಂದರ್ಥ. ಕೀರ್ತಿ ಬಂದ ಕಡೆ ನಕಲಿಯೂ ಬರಬೇಕಷ್ಟೆ. ಬೆಳೆದುದಕ್ಕಿಂತ ಹೆಚ್ಚು ಮನುಕಾ ಜಗತ್ತಿನಲ್ಲಿ ಮಾರಾಟವಾಗುತ್ತಿದೆಯೆಂಬ ದೂರು ಎದ್ದಿತು. ರಫ್ತಾಗುವ ಜೇನು ಮನುಕಾ ಎನಿಸಿಕೊಳ್ಳಬೇಕಾದರೆ ನಾಲ್ಕು ರಾಸಾಯನಿಕ ಗುರುತುಗಳೂ ಗಿಡದ ಒಂದು ಡಿಎನ್‌ಎ ಗುರುತೂ ಇರಬೇಕೆಂದು 2018ರಲ್ಲಿ ಆ ಸರಕಾರ ವಿಧಿಸಿತು. ಆದುದರಿಂದ ಕೊಳ್ಳುವವರು ನೋಡಬೇಕಾದುದು ಇಷ್ಟು: ನ್ಯೂಜಿಲೆಂಡಿನಲ್ಲಿಯೇ ತುಂಬಿ ಮುಚ್ಚಿದ ಸೀಸೆಯೇ? ಎಂಜಿಓ ಅಥವಾ ಯುಎಂಎಫ್ ಸಂಖ್ಯೆ ಸ್ಪಷ್ಟವಾಗಿದೆಯೇ? ತಂಡದ ಸಂಖ್ಯೆ, ದಿನಾಂಕಗಳಿವೆಯೇ? ಬಹುಪಾಲು ಮನುಕಾ ಹೂವಿನದೇ, ಬೇರೆ ಹೂಗಳೊಡನೆ ಬೆರೆತುದೇ? ಸಂಖ್ಯೆಯಿಲ್ಲದೆ ಬರಿಯ ‘ಆಕ್ಟಿವ್’ ಎಂಬ ಮಾತಿಗೆ ಹಣ ತೆರಬೇಕಾದುದಿಲ್ಲ. ರೊಟ್ಟಿಗೆ ಸವರಿಕೊಳ್ಳುವವರಿಗೆ ದೊಡ್ಡ ಸಂಖ್ಯೆಯ ಅಗತ್ಯವೂ ಇಲ್ಲ.

ಅಜ್ಜಿ ಈ ನಡುವೆ, ಇಷ್ಟು ಬೆಲೆಯ ಜೇನಾದರೆ ಪಕ್ಕದ ಮನೆಯ ಬಾಣಂತಿಯ ಕೂಸಿನ ನಾಲಗೆಗೆ ಒಂದಿಷ್ಟು ಸವರೋಣವೆಂದು ಎದ್ದರು. ಮೊಮ್ಮಗಳು ಕೈಹಿಡಿದು ಕೂರಿಸಿದಳು. ಎಷ್ಟೇ ಶುದ್ಧವಾದ ಜೇನಿನಲ್ಲಿಯೂ ಇರಬಹುದಾದ ಒಂದು ಸೂಕ್ಷ್ಮಾಣುವಿನ ಬೀಜಾಣು ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷವಾಗಬಲ್ಲುದು. ವರ್ಷ ತುಂಬುವವರೆಗೆ ಕೂಸಿಗೆ ಜೇನು ಕೂಡದು. ಸಕ್ಕರೆ ಕಾಯಿಲೆಯವರಿಗೂ ಜೇನು ಸಕ್ಕರೆಯೇ. ಗಾಯಕ್ಕೆ ವೈದ್ಯರು ಹಚ್ಚುವ ಜೇನು ವಿಕಿರಣದಿಂದ ಶುದ್ಧಿಮಾಡಿದುದು. ಅಡುಗೆಮನೆಯ ಸೀಸೆ ಅದರ ಸ್ಥಾನಕ್ಕೆ ನಿಲ್ಲದು.

“ಅದು ಸರಿ. ಇದು ಗಟ್ಟಿಯಾದುದೇಕೆ?” ಮೇಷ್ಟರು ತಮ್ಮ ಮೂಲ ಆಕ್ಷೇಪಣೆಯನ್ನು ಬಿಟ್ಟಿರಲಿಲ್ಲ.

“ಮನುಕಾ ಸ್ವಭಾವತಃ ಮಂದ, ತಾತಾ. ಜೇನು ಹರಳುಗಟ್ಟುವುದೂ ಸಹಜವೇ. ಗ್ಲೂಕೋಸ್ ಅಂಶ ಹೆಚ್ಚಿದ್ದಷ್ಟೂ ಬೇಗ ಕಟ್ಟುತ್ತದೆ. ಸಾಸಿವೆ ಹೂವಿನದು ಹಾಗೆ, ಸೂರ್ಯಕಾಂತಿಯದು ಹಾಗೆ. ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ. ಸೀಸೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿಟ್ಟರೆ ಮತ್ತೆ ತಿಳಿಯಾಗುತ್ತದೆ. ಅಂಗಡಿಯದು ಕಟ್ಟದಿರುವುದು ಕಾಸಿ ಸೋಸಿರುವುದರಿಂದ.”

ಸೂರ್ಯಕಾಂತಿಯ ಹೆಸರು ಬಂದೊಡನೆ ಮೇಷ್ಟರು ಮೌನವಾದರು. ಆ ಸಂಜೆ ಅವರು ಊಟಕ್ಕೂ ಏಳಲಿಲ್ಲ.

1994ನೆಯ ಇಸವಿಯ ಮಾತು. ಗುಡೇಕೋಟೆಯ ಕಡೆಯ ಹಳ್ಳಿಯೊಂದರಿಂದ ಒಬ್ಬಾತ ವರ್ಷಕ್ಕೆರಡು ಸಲ ತಗಡಿನ ಡಬ್ಬಿ ಹೊತ್ತು ಕೋಗಳಿಗೆ ಬರುತ್ತಿದ್ದನು. ಇರುಳಿನಲ್ಲಿ ಹೊಗೆಯ ಸೂಡಿ ಹಿಡಿದು ಹಗ್ಗದ ಮೇಲೆ ತೂಗಿ ಹೆಜ್ಜೇನನ್ನಿಳಿಸುವ ಧೀರ. ಆ ಚಳಿಗಾಲದಲ್ಲಿ ಮೇಷ್ಟರ ಹೊಲದಂಚಿನ ಆಲದ ಮರದಲ್ಲಿ ಹೆಜ್ಜೇನು ಕಟ್ಟಿ ಎತ್ತುಗಳನ್ನು ಕಾಡುತ್ತಿದ್ದುದರಿಂದ, ಅದನ್ನಿಳಿಸಲು ಅವನಿಗೆ ಅವರೇ ಹೇಳಿಕಳುಹಿಸಿದ್ದರು. ಇಳಿಸಿದ ತುಪ್ಪವನ್ನು ಅವನು ಆಣೆಕಟ್ಟಿನಂತೆ ಅಳೆದು ನಾಲ್ಕಾರು ಮನೆಗಳಿಗೆ ಕೊಟ್ಟು ಹೋದನು. ಕೊಟ್ಟೂರೇಶ್ವರನ ತೇರು ಕಳೆದು ತಿಂಗಳಾಗುವಷ್ಟರಲ್ಲಿ ಸೀಸೆಯ ಜೇನು ತಳದಿಂದ ಬೆಳ್ಳಗೆ ಹರಳುಗಟ್ಟಿತು.

ವೈಶಾಖದಲ್ಲಿ ಅವನು ಮರಳಿ ಬಂದಾಗ ಮೇಷ್ಟರು ಜಗಲಿಯ ಮೇಲೆ, ನೆರೆಹೊರೆಯವರ ಸಮಕ್ಷಮದಲ್ಲಿ, ಆ ಸೀಸೆಯನ್ನು ಅವನ ಮುಂದಿಟ್ಟರು. ತರಗತಿಯಲ್ಲಿ ನಕಲು ಮಾಡಿದ ಹುಡುಗನನ್ನು ಹಿಡಿದ ಧಾಟಿಯಲ್ಲಿಯೇ ಮಾತನಾಡಿದರು. ಆತ ಹೇಳಿದುದು ಒಂದೇ ಮಾತು: “ಸಕ್ಕರಿ ನಾನು ಹಾಕಿಲ್ರೀ ಮೇಷ್ಟ್ರ. ಹುಳ ಕೊಟ್ಟದ್ದನ್ನ ತಂದೀನಿ.” ಅನಂತರ ಸೊಂಟದ ಚೀಲದಿಂದ ಹಣವನ್ನೆಣಿಸಿ ಜಗಲಿಯ ಮೇಲಿಟ್ಟು, ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟನು. ಮೇಷ್ಟರ ಮಾತಿಗೆ ಊರಿನಲ್ಲಿ ತೂಕವಿತ್ತು. ಉಳಿದ ಮನೆಯವರೂ ಕೊಳ್ಳಲಿಲ್ಲ. ಆತ ಮತ್ತೆ ಕೋಗಳಿಗೆ ಬರಲೇ ಇಲ್ಲ.

ಆಲದ ಮರದ ಮಗ್ಗುಲಲ್ಲಿ ಆ ವರ್ಷ ಮೇಷ್ಟರು ಬಿತ್ತಿದ್ದುದು ಮೂರೆಕರೆ ಸೂರ್ಯಕಾಂತಿ.

ವಾರ ಕಳೆಯುವಷ್ಟರಲ್ಲಿ ಎಪ್ಪತ್ತಾರರ ಆ ವೃದ್ಧರು ಮೊಮ್ಮಗಳ ಜೊತೆಯಲ್ಲಿ ಕೂಡ್ಲಿಗಿಯ ಬಸ್ಸು ಹತ್ತಿದರು. ಕೈಚೀಲದಲ್ಲಿ ಮನುಕಾ ಸೀಸೆ. ಹೆಸರು, ಮನೆ ಯಾವುದೂ ಸರಿಯಾಗಿ ನೆನಪಿಲ್ಲ; ಮೂರು ಹಳ್ಳಿಗಳಲ್ಲಿ ವಿಚಾರಿಸಿ ಕಡೆಗೆ ಒಂದು ಬೇವಿನ ಮರದ ಕೆಳಗೆ ಆತನನ್ನು ಕಂಡರು. ಕಣ್ಣು ಮಂದವಾಗಿದ್ದುವು. ಮಗ ಬೇರೆ ಕಸುಬು ಹಿಡಿದಿದ್ದನು. ಗುಡೇಕೋಟೆಯ ಬೆಟ್ಟಗಳು ಕರಡಿಧಾಮವಾದ ಮೇಲೆ ಅಲ್ಲಿಯ ಜೇನು ಕರಡಿಗಳ ಪಾಲಿಗೇ ಬಿಟ್ಟದ್ದು. ಹಗ್ಗ ಅಟ್ಟದ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿದ್ದಿತು.

ಮೇಷ್ಟರು ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಮರೆತುಹೋದುವು. “ಆ ಜೇನು ಒಳ್ಳೆಯದಿತ್ತಪ್ಪ. ನನಗೆ ತಿಳಿಯಲಿಲ್ಲ” ಎಂದಷ್ಟೇ ಹೇಳಿದರು.

“ನನಗ ಗೊತ್ತಿತ್ತಲ್ರೀ” ಎಂದನು ಆತ. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನಪಡಿಸುವ ಉತ್ಸಾಹವೂ ಇರಲಿಲ್ಲ.

ಮೊಮ್ಮಗಳು ಸೀಸೆಯ ಮುಚ್ಚಳ ತೆರೆದು ಅವನ ಬೆರಳಿಗೆ ಒಂದಿಷ್ಟು ಹಚ್ಚಿದಳು. ಆತ ನೀರು ಕೇಳಲಿಲ್ಲ, ಬೆಂಕಿಕಡ್ಡಿ ಕೇಳಲಿಲ್ಲ. ಮೊದಲು ಮೂಸಿದನು; ನಾಲಗೆಗಿಟ್ಟು ಬಹಳ ಹೊತ್ತು ಸುಮ್ಮನಿದ್ದನು. “ಚಲೋ ಐತಿ. ಹಿಂದ ಕಹಿ ಹತ್ತತೈತಿ. ನಮ್ಮ ಸೀಮಿದಲ್ಲ ಇದು. ಯಾವ ಹೂವಿಂದು?” ಎಂದು ಕೇಳಿದನು. ಸ್ವಲ್ಪ ತಡೆದು ಮೇಷ್ಟರ ಕಡೆ ತಿರುಗಿ, “ಅವತ್ತು ನೀವು ಇದೊಂದು ಮಾತು ಕೇಳಿದ್ರ ಹೇಳ್ತಿದ್ದೆ. ನಿಮ್ಮ ಹೊಲದ ಸೂರಿಪಾನದ್ದೇ ಅದು” ಎಂದನು.

ಈಗ ಮೇಷ್ಟರ ಮನೆಯಲ್ಲಿ ಜೇನಿಗೆ ಲೋಟದ ನೀರಿಲ್ಲ. ಪೆಟ್ಟಿಗೆಗಳಲ್ಲಿ ಜೇನು ಸಾಕುವವರು ಯಾರಾದರೂ ತಂದರೆ ಅವರನ್ನು ಕೂರಿಸಿ, ಯಾವ ಹೂವಿನದು, ಯಾವ ತಿಂಗಳು ತೆಗೆದುದು, ತೆಗೆದವರು ಯಾರು ಎಂದು ವಿಚಾರಿಸುತ್ತಾರೆ. ಉತ್ತರ ಹೇಳಬಲ್ಲವನಿಂದ ಕೊಳ್ಳುತ್ತಾರೆ. ಬಾಯಿಲ್ಲದ ಸೀಸೆಯಾದರೆ ಅದರ ಚೀಟಿಯಲ್ಲಿ ಇದೇ ಉತ್ತರಗಳನ್ನು ಹುಡುಕುತ್ತಾರೆ.

ಗುಡೇಕೋಟೆಯಿಂದ ಹಿಂದಿರುಗಿದ ಮರುದಿನ ಅವರು ಮತ್ತೊಂದು ಕೆಲಸ ಮಾಡಿದರು. 1994ರಲ್ಲಿ ಅವನಿಂದ ಜೇನು ಕೊಂಡಿದ್ದ ಮನೆಗಳಿಗೆ ಕೋಲೂರಿಕೊಂಡು ಹೋಗಿ, ಆತ ಸಕ್ಕರೆ ಬೆರೆಸಿರಲಿಲ್ಲ, ತಪ್ಪು ತಮ್ಮದೆಂದು ಹೇಳಿಬಂದರು. ಎರಡು ಮನೆಗಳಲ್ಲಿ ಆ ಪ್ರಸಂಗ ಯಾರಿಗೂ ನೆನಪಿರಲಿಲ್ಲ. ಕೊನೆಯ ಮನೆಯ ಮುದುಕಿಗೆ ಮಾತ್ರ ಚೆನ್ನಾಗಿ ನೆನಪಿತ್ತು.

“ನಮ್ಮ ಮನ್ಯಾಗಿಂದೂ ಗಟ್ಟಿ ಆಗಿತ್ರೀ ಮೇಷ್ಟ್ರ. ಬಿಸಲಿಗಿಟ್ಟು ತಿಂದ್ವಿ, ಚಲೋ ಇತ್ತು” ಎಂದಳು ಆಕೆ. “ನೀವು ಅಂದ್ರಿ ಅಂತ ಆಮ್ಯಾಲ ತಗೊಳ್ಳಲಿಲ್ಲ.”