ಬೊಲೋನ್ಯಾದಲ್ಲಿ ಲಟ್ಟಣಿಗೆ ಪಾಠ

ಇಟಲಿ ಪ್ರವಾಸವೆಂದರೆ ರೋಮಿನ ಕೊಲೋಸಿಯಂ, ವೆನಿಸ್ಸಿನ ಕಾಲುವೆಗಳು, ಪೀಸಾದ ವಾಲುಗೋಪುರ. ಉತ್ತರ ಇಟಲಿಯ ಬೊಲೋನ್ಯಾ ನಗರ ಈ ಪಟ್ಟಿಯಲ್ಲಿ ಸೇರುವುದು ಅಪರೂಪ. ಫ್ಲಾರೆನ್ಸಿನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಇಟಲಿಯ ಜನ ಈ ಊರನ್ನು ಹೆಣ್ಣೆಂದೇ ಭಾವಿಸಿ ಮೂರು ಅಡ್ಡಹೆಸರು ಇಟ್ಟಿದ್ದಾರೆ: ವಿದ್ಯಾವತಿ, ಕೆಂಪಿ, ದಢೂತಿ. 1088ರಲ್ಲಿ ಆರಂಭವಾಯಿತೆನ್ನಲಾದ ವಿಶ್ವವಿದ್ಯಾಲಯ ಇಲ್ಲಿರುವುದರಿಂದ ವಿದ್ಯಾವತಿ. ಇಟ್ಟಿಗೆ, ಹೆಂಚುಗಳ ಬಣ್ಣದಿಂದ ಕೆಂಪಿ. ದಢೂತಿ ಎಂಬ ಹೆಸರು ಮಾತ್ರ ಅಡುಗೆಮನೆಯಿಂದ ಬಂದದ್ದು!

ಮೈಲಿಗಟ್ಟಲೆ ಸಾಗುವ ಕಮಾನು ಜಗಲಿಗಳ ನೆರಳಿನಲ್ಲಿ ನಡೆಯುವಾಗ ಅಂಗಡಿಯ ಗಾಜಿನಾಚೆ ಹಿಟ್ಟು ಲಟ್ಟಿಸುವ ಹೆಂಗಸರು ಕಾಣುತ್ತಾರೆ. ಇವರಿಗೆ ‘ಸ್ಫೋಲ್ಯಿನಾ’ ಎಂದು ಹೆಸರು. ಪ್ರವಾಸಿಗಳಿಗೆ ಅರ್ಧ ದಿನದಲ್ಲಿ ಈ ಕೈಕೆಲಸ ಕಲಿಸುವ ತರಗತಿಗಳೂ ಇಲ್ಲಿವೆ. ನಾನು, ನನ್ನ ಹೆಂಡತಿ, ಪಿಯುಸಿ ಮುಗಿಸಿದ್ದ ಮಗ ಅಂಥದೊಂದಕ್ಕೆ ಸೇರಿದೆವು. ಕಲಿಸಿದವರು ಅರವತ್ತು ದಾಟಿದ ಹಿರಿಯ ಮಹಿಳೆ. ಎಲ್ಲರೂ ಅವರನ್ನು ‘ಸಿನ್ಯೋರಾ’ ಎಂದೇ ಕರೆಯುತ್ತಿದ್ದರು.

ಲೆಕ್ಕ ಸರಳ. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ಹಿಟ್ಟು ನಮ್ಮ ಮೈದಾದಷ್ಟೇ ನುಣುಪು. ಮರದ ಹಲಗೆಯ ಮೇಲೆ ಹಿಟ್ಟು ಗುಡ್ಡೆ ಹಾಕಿ, ನಡುವೆ ಗುಂಡಿ ತೋಡಿ, ಮೊಟ್ಟೆ ಒಡೆದು ಹಾಕಬೇಕು. ಫೋರ್ಕಿನಿಂದ ಕದಡುತ್ತ ಅಂಚಿನ ಹಿಟ್ಟನ್ನು ಸ್ವಲ್ಪಸ್ವಲ್ಪವೇ ಎಳೆದುಕೊಳ್ಳಬೇಕು. ಆಮೇಲೆ ಅಂಗೈ ಬುಡದಿಂದ ಹತ್ತು ಹದಿನೈದು ನಿಮಿಷ ನಾದಿ, ಮುಚ್ಚಿ ಅರ್ಧ ಗಂಟೆ ನೆನೆಯಲು ಬಿಡಬೇಕು. ನಾದಿದಾಗ ಹಿಟ್ಟಿನ ಜಿಗುಟು ಬಿಗಿಯಾಗುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ. ನೆನೆಯದ ಹಿಟ್ಟು ಲಟ್ಟಿಸಿದಷ್ಟೂ ಹಿಂದಕ್ಕೆ ಸೇದಿಕೊಳ್ಳುತ್ತದೆ.

ಮಗ ನೋಟುಬುಕ್ಕು ತೆರೆದು, ಎಷ್ಟು ನಿಮಿಷ, ಎಷ್ಟು ನೀರು ಎಂದು ಕೇಳುತ್ತಿದ್ದ. ಸಿನ್ಯೋರಾ ಅದನ್ನು ಮುಚ್ಚಿಸಿ, ಅವನ ಬೆರಳನ್ನು ಹಿಟ್ಟಿನ ಮೇಲೆ ಒತ್ತಿಸಿದರು. ಒತ್ತಿದ ಗುಳಿ ನಿಧಾನವಾಗಿ ಮೇಲೇಳಬೇಕು, ಅದೇ ಹದ.

ಸಿನ್ಯೋರಾ ಒಂದೊಂದೇ ಹಲಗೆಯ ಬಳಿ ಬಂದು ತಿದ್ದುತ್ತಿದ್ದರು. ನನ್ನ ಹೆಂಡತಿಯ ಹತ್ತಿರ ಬಂದವರು ಅಲ್ಲೇ ನಿಂತುಬಿಟ್ಟರು. ಯುಗಾದಿ ಬಂತೆಂದರೆ ಮೂವತ್ತು ಜನಕ್ಕೆ ಹೋಳಿಗೆಯ ಕಣಕ ನಾದುವ ಕೈ ಅದು! ಭಾಷೆ ಬಾರದ ಇಬ್ಬರೂ ಹಿಟ್ಟು ಮುಟ್ಟಿ ನಕ್ಕರು. ಗಜ ಉದ್ದದ ದೊಡ್ಡ ಲಟ್ಟಣಿಗೆಯನ್ನು ಮೊದಲು ಆಕೆಗೇ ಕೊಟ್ಟರು. ತರಗತಿಯವರೆಲ್ಲ ಸುತ್ತ ಸೇರಿ ನೋಡಿದರು. ‘ಅಮ್ಮ, ಇದು ನಿಮಗೆ ಯಾರು ಹೇಳಿಕೊಟ್ಟಿದ್ದು?’ ಎಂದ ಮಗ. ಹದಿನೆಂಟು ವರ್ಷ ಅವಳ ಕೈಯ ಅಡುಗೆ ಉಂಡವನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ‘ನಿಮ್ಮಜ್ಜಿ’ ಎಂದಳು ಅವಳು, ಕೈ ನಿಲ್ಲಿಸದೆ.

ಹಾಳೆಯಂತೆ ತೆಳ್ಳಗಾದ ಹಿಟ್ಟನ್ನು ಸ್ವಲ್ಪ ಆರಿಸಿ, ಮಡಿಸಿ, ಚಾಕುವಿನಿಂದ ಪಟ್ಟಿಪಟ್ಟಿಯಾಗಿ ಕತ್ತರಿಸಿದರೆ ಅದೇ ‘ತಾಲ್ಯತೆಲ್ಲೆ’. ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಸಾಕು. ಈ ಪಟ್ಟಿ ಎಷ್ಟು ಅಗಲವಿರಬೇಕೆಂಬುದಕ್ಕೂ ದಾಖಲೆ ಇದೆ! 1972ರಲ್ಲಿ ಇಟಲಿಯ ಪಾಕಶಾಸ್ತ್ರ ಅಕಾಡೆಮಿ ಅದನ್ನು ಬೊಲೋನ್ಯಾದ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿತು. ಬೆಂದ ಮೇಲೆ 8 ಮಿಲಿಮೀಟರ್, ಅಂದರೆ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗ. ಗೋಪುರ ಸುಮಾರು 97 ಮೀಟರ್ ಎತ್ತರ. ವಿದ್ಯಾರ್ಥಿಗಳು ಭಾಗಿಸಿ ನೋಡಬಹುದು. ಅಲ್ಲಿ ಮಾದರಿಗೆಂದು ಚಿನ್ನದ ಪಟ್ಟಿಯೊಂದನ್ನೂ ಇಟ್ಟಿದ್ದಾರೆ. ತಮಾಷೆಯೆನಿಸಿದರೂ ಮನೆಮನೆಯ ಹೆಂಗಸರ ಕೈಯಲ್ಲಿದ್ದ ವಿದ್ಯೆಗೆ ಊರು ಕೊಟ್ಟ ಗೌರವ ಇದು.

ಸಸ್ಯಾಹಾರಿಗಳಿಗೆ ಒಂದೆರಡು ಮಾತು. ಬೊಲೋನ್ಯಾದ ಹೆಸರಾಂತ ‘ರಗು’ ಮಾಂಸದ್ದು. ಟೊಮೆಟೊ ಇಲ್ಲವೆ ಬೆಣ್ಣೆ ಹಾಕಿದ್ದನ್ನು ಕೇಳಿ ಪಡೆಯಬಹುದು. ಪಾರ್ಮೆಸಾನ್ ಎಂದು ನಾವು ಕರೆಯುವ ಇಲ್ಲಿನ ಅಸಲಿ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ ಎಂಬುದು ಗೊತ್ತಿರಲಿ. ಮೊಟ್ಟೆಯೂ ಬೇಡವೆನ್ನುವವರು ದಕ್ಷಿಣ ಇಟಲಿಯ ಬಾರಿ ನಗರಕ್ಕೆ ಹೋಗಬೇಕು. ಅಲ್ಲಿನ ಹಳೆಯ ಬೀದಿಗಳಲ್ಲಿ ಹೆಂಗಸರು ಮನೆ ಮುಂದೆಯೇ ಕುಳಿತು, ಡ್ಯೂರಮ್ ಗೋಧಿಯ ರವೆಯನ್ನು ಬರೀ ನೀರಿನಲ್ಲಿ ಕಲಸಿ, ಕಿವಿಯಾಕಾರದ ಪಾಸ್ತಾ ಮಾಡುತ್ತಾರೆ. ನಮ್ಮ ಬನ್ಸಿ ರವೆಯೂ ಇದೇ ಜಾತಿಯ ಗೋಧಿಯದು.

ಇಟಲಿಗೆ ಹೋಗುವ ಅವಕಾಶ ಎಲ್ಲರಿಗೂ ಇರುವುದಿಲ್ಲ. ಆದರೆ ಹಲಗೆ, ಲಟ್ಟಣಿಗೆ, ಹಿಟ್ಟು ಎಲ್ಲರ ಮನೆಯಲ್ಲೂ ಇವೆ. ಹೋಳಿಗೆಯ ಕಣಕ, ಒತ್ತುಶಾವಿಗೆ, ರೊಟ್ಟಿ, ಇವುಗಳ ಹದ ಇರುವುದು ಅಜ್ಜಿಯರ, ಅಮ್ಮಂದಿರ ಬೆರಳ ತುದಿಯಲ್ಲಿ. ಅದಕ್ಕೆ ಚಿನ್ನದ ಮಾದರಿಯನ್ನು ಯಾರೂ ಮಾಡಿಸಿಟ್ಟಿಲ್ಲ. ಮಕ್ಕಳೇ, ಈ ಬೇಸಿಗೆ ರಜೆಯಲ್ಲಿ ಹೇಳಿಕೊಡುವವರು ಮನೆಯಲ್ಲಿರುವಾಗಲೇ ಕೈಗೆ ಹಿಟ್ಟು ಮೆತ್ತಿಕೊಳ್ಳಿ.